ಹೊಳೆ ದಂಡೆಗೆ ಸೈಕಲ್: ಹಾವೇರಿ ಸೀಮೆಯ ಸವಾರರಿಗೆ ಒಂದಿಷ್ಟು ಮಾಹಿತಿ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನಲ್ಲಿ ಸೈಕಲ್ ತುಳಿಯುವವರಿಗೂ ನಡೆಯುವವರಿಗೂ ಎಂದೇ ಹಾಕಿದ ಒಂದು ದಾರಿ ಇದೆ. ಬೇ ಟ್ರೇಲ್ ಅಂತ ಹೆಸರು. 1989ರಲ್ಲಿ ಯೋಜನೆ ಸಿದ್ಧವಾಗಿ, ತುಂಡು ತುಂಡಾಗಿ ಬೆಳೆದು, ಈಗ 550 ಕಿ.ಮೀ. ದಾಟಿದೆ. ಗುರಿ 800 ಕಿ.ಮೀ. ಕೆಲಸಕ್ಕೆಂದು ಆ ಕಡೆ ಹೋದ ನಮ್ಮ ಭಾಗದ ಹುಡುಗರು ಭಾನುವಾರ ಅದರ ಮೇಲೆ ಸೈಕಲ್ ಹೊಡೆದು, ನೀರಿನ ಪಕ್ಕ ನಿಂತು ಫೋಟೊ ಕಳಿಸುತ್ತಾರೆ. ಹಾವೇರಿಯಲ್ಲೋ ಬ್ಯಾಡಗಿಯಲ್ಲೋ ಕೂತು ಅದನ್ನು ನೋಡುವವರು ‘ನಮಗೆಲ್ಲಿಂದ ಬರಬೇಕು ಸಮುದ್ರ’ ಎಂದು ಮೊಬೈಲ್ ಪಕ್ಕಕ್ಕಿಡುತ್ತಾರೆ.

ಸಮುದ್ರ ಇಲ್ಲ, ಸರಿ. ಆದರೆ ನೀರಿಗೇನು ಬರ? ಜಿಲ್ಲೆಯ ಪೂರ್ವದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಬನವಾಸಿ ಸುತ್ತಿ ಬರುವ ವರದೆ ಗಳಗನಾಥದ ಹತ್ತಿರ ಅವಳನ್ನು ಸೇರುತ್ತಾಳೆ. ಹಿರೇಕೆರೂರು ಕಡೆಯಿಂದ ಕುಮುದ್ವತಿ, ಹಾನಗಲ್ ಕಡೆಯಿಂದ ಧರ್ಮಾ. ಇವಲ್ಲದೆ ಊರಿಗೊಂದು ಕೆರೆ. ಇಲ್ಲದಿರುವುದು ನೀರಿನ ಪಕ್ಕಕ್ಕೇ ಸಾಗುವ ಡಾಂಬರು ದಾರಿ. ನಮ್ಮ ರಸ್ತೆಗಳು ಹೊಳೆಗೆ ಹೋಗುತ್ತವೆ, ಹೊಳೆಯ ಜೊತೆ ಹೋಗುವುದಿಲ್ಲ. ಹಿಂದಿನವರು ಮನೆ ಕಟ್ಟಿದ್ದೂ ರಸ್ತೆ ಹಾಕಿದ್ದೂ ಪ್ರವಾಹದ ಅಂಜಿಕೆಯಿಂದ ಎತ್ತರದ ಮೇಲೆ. ಹೊಳೆಗೆ ಇಳಿಯಲು ಒಂದೊಂದು ಅಡ್ಡದಾರಿ ಮಾತ್ರ ಬಿಟ್ಟರು. ಹಾಗಾಗಿ ಇಲ್ಲಿ ಸೈಕಲ್ ಸವಾರಿಗೆ ಹೊರಡುವವರು ಕಿಲೋಮೀಟರ್ ಲೆಕ್ಕ ಆಮೇಲೆ ಹಾಕಲಿ. ಮೊದಲು ನೋಡಬೇಕಾದ್ದು ಗಾಳಿ ಯಾವ ಕಡೆಯದು, ನೆಲ ಎರೆಯೋ ಮಸಾರಿಯೋ, ಸುಗ್ಗಿಯೋ ಮಳೆಗಾಲವೋ ಎಂಬುದನ್ನು. ಈ ಮೂರು ತಿಳಿದಿದ್ದರೆ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ ಮೇಲೂ ಹೊಳೆ ಮುಟ್ಟಿ ಬರಬಹುದು. 2006–07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ಗಾಳಿ ಇಳಿದು ನಿಂತಿವೆ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಅದನ್ನೊಮ್ಮೆ ರಿಪೇರಿ ಅಂಗಡಿಗೆ ಒಯ್ಯಿರಿ.

ಮೊದಲು ಹೆಗ್ಗೇರಿ

ಬಹಳ ದಿನ ಸೈಕಲ್ ಮುಟ್ಟದವರು ನೇರವಾಗಿ ಹೊಳೆಗೆ ಹೊರಡಬಾರದು. ಹಾವೇರಿಯವರಿಗೆ ಕಾಲು ಪಳಗಿಸಿಕೊಳ್ಳಲು ಊರ ಹೊರವಲಯದ ಹೆಗ್ಗೇರಿ ಕೆರೆಯೇ ಸಾಕು. ಹೆಸರಿಗೆ ತಕ್ಕ ಹಾಗೆ ದೊಡ್ಡ ಕೆರೆ. ನಸುಕಿನಲ್ಲಿ ಹೋದರೆ ಏರಿಯ ಮೇಲೆ ವಾಕಿಂಗ್ ಮಾಡುವವರು, ದನ ಹೊಡೆದುಕೊಂಡು ಹೋಗುವವರು, ಚಳಿಗಾಲದಲ್ಲಿ ಹಕ್ಕಿ ನೋಡಲು ಬಂದವರು ಎಲ್ಲರೂ ಸಿಗುತ್ತಾರೆ. ಇಲ್ಲಿ ವೇಗ ಬೇಡ, ಗಂಟೆ ಬಾರಿಸಿಕೊಂಡು ನಿಧಾನಕ್ಕೆ ಹೋಗುವುದೇ ಮರ್ಯಾದೆ.

ಕೆರೆ ಏರಿಯ ಮೇಲೆ ಸೈಕಲ್ಲಿಗೆ ದೊಡ್ಡ ಶತ್ರು ಜಾಲಿ. ಕರಿಜಾಲಿಯಾಗಲಿ ಬಳ್ಳಾರಿ ಜಾಲಿಯಾಗಲಿ, ಒಣಗಿ ಉದುರಿದ ಮುಳ್ಳು ಟೈರನ್ನು ದಾಟಿ ಟ್ಯೂಬಿಗೆ ಇಳಿಯುತ್ತದೆ. ಬೇಲಿ ಕಡಿದ ದಿನಗಳಲ್ಲಂತೂ ಕೇಳುವುದೇ ಬೇಡ. ಏರಿ ಇಳಿದ ಮೇಲೆ ನಿಂತು, ಎರಡೂ ಗಾಲಿಯನ್ನು ಒಂದು ಸುತ್ತು ತಿರುಗಿಸಿ, ಚುಚ್ಚಿಕೊಂಡ ಮುಳ್ಳನ್ನು ಕಣ್ಣಿಟ್ಟು ಹುಡುಕಿ. ಗಾಳಿ ಇನ್ನೂ ಇದೆ ಎಂದು ಬಿಟ್ಟರೆ ಮುಂದಿನ ಐದಾರು ಕಿಲೋಮೀಟರಿನಲ್ಲಿ ಅದು ಒಳಗಿಳಿದೇ ಇಳಿಯುತ್ತದೆ. ಮುಳ್ಳು ಸಿಕ್ಕಿದ್ದು ಪಂಚರ್ ಅಂಗಡಿ ಹತ್ತಿರವಾಗಿದ್ದರೆ ಅಲ್ಲೇ ಕೀಳಿರಿ. ಊರಿನಿಂದ ದೂರ ಇದ್ದು ಪಂಪೂ ಪ್ಯಾಚೂ ಜೊತೆಗಿಲ್ಲದಿದ್ದರೆ ಕೀಳದೆ ನಿಧಾನಕ್ಕೆ ಊರು ಮುಟ್ಟುವುದು ಜಾಣತನ.

ರಾಣೆಬೆನ್ನೂರಿನವರಿಗೆ ಇದೇ ಬಗೆಯ ಅಭ್ಯಾಸಕ್ಕೆ ಅಲ್ಲಿನ ದೊಡ್ಡಕೆರೆ ಇದೆ. ಎರಡು ವಾರ ಬೆಳಿಗ್ಗೆ ಒಂದೊಂದು ಗಂಟೆ ತುಳಿದ ಮೇಲೆ ಸೀಟು ಕುಂಡೆಗೆ ಒಗ್ಗುತ್ತದೆ. ಆಮೇಲೆ ದೂರದ ಮಾತು.

ಗುತ್ತಲದ ದಾರಿ

ಜಿಲ್ಲೆಯಲ್ಲಿ ಒಂದೇ ಒಂದು ಸವಾರಿ ಹೇಳಿ ಎಂದರೆ ನಾನು ಹೇಳುವುದು ಇದನ್ನೇ: ಹಾವೇರಿಯಿಂದ ಗುತ್ತಲ, ಅಲ್ಲಿಂದ ಚೌಡಯ್ಯದಾನಪುರ ಅಥವಾ ಗಳಗನಾಥ. ಹಾವೇರಿಯಿಂದ ಗುತ್ತಲಕ್ಕೆ ಪೂರ್ವಕ್ಕೆ ಇಪ್ಪತ್ತೈದು ಕಿ.ಮೀ. ಮೇಲಾಗುತ್ತದೆ. ಅಲ್ಲಿಂದ ಹೊಳೆಯ ಊರುಗಳಿಗೆ ಮತ್ತೆ ಹತ್ತು–ಹದಿನೈದು. ಹೋಗಿ ಬರುವುದಕ್ಕೆ ಎಂಬತ್ತು ಕಿ.ಮೀ. ಎಂದಿಟ್ಟುಕೊಳ್ಳಿ. ಗೇರ್ ಇಲ್ಲದ ಸೈಕಲ್ ಗಂಟೆಗೆ 12ರಿಂದ 15 ಕಿ.ಮೀ. ಹೋಗುತ್ತದೆ. ನಡುವೆ ಕೂತು ಎದ್ದು ಮಾಡಿದರೆ ಇಡೀ ದಿನದ ಕೆಲಸ. ಇಷ್ಟು ಆಗದವರು ಸೈಕಲ್ಲನ್ನು ಗುತ್ತಲದವರೆಗೆ ಗೂಡ್ಸ್ ಆಟೊದಲ್ಲೋ ಟಾಟಾ ಏಸ್‌ನಲ್ಲೋ ಹಾಕಿಕೊಂಡು ಹೋಗಿ, ಅಲ್ಲಿಂದ ತುಳಿಯಬಹುದು. ಮೂರ್ನಾಲ್ಕು ಮಂದಿ ಸೇರಿದರೆ ಬಾಡಿಗೆ ಭಾರವಾಗದು. ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಸರಿಯಾದ ದಾರಿ.

ರಸ್ತೆ ಹೆಚ್ಚಾಗಿ ಸಮತಟ್ಟು. ಅಕ್ಕಪಕ್ಕ ಗೋವಿನಜೋಳ, ಹತ್ತಿ. ಊರು ಬಂದಾಗಲೆಲ್ಲ ರೋಡ್ ಹಂಪ್ ಬರುತ್ತದೆ, ಬಣ್ಣ ಬಳಿಯದ ಹಂಪೇ ಹೆಚ್ಚು. ಗುತ್ತಲದಲ್ಲಿ ಇಳಿದು ಚಹಾ ಕುಡಿದು, ನೀರಿನ ಬಾಟಲಿ ತುಂಬಿಸಿಕೊಂಡೇ ಮುಂದೆ ಹೋಗಿ. ಆಮೇಲಿನ ಊರುಗಳಲ್ಲಿ ಅಂಗಡಿ ತೆರೆದೇ ಇರುತ್ತದೆ ಎಂದು ನಂಬುವಂತಿಲ್ಲ. ಈ ಗುತ್ತಲ ಒಂದು ಕಾಲಕ್ಕೆ ಗುತ್ತವೊಳಲ್ ಎಂಬ ರಾಜಧಾನಿ. ಗುತ್ತ ಅರಸರು ಆಳಿದ್ದು ಇಲ್ಲಿಂದಲೇ. ಹೊಳೆ ದಂಡೆಯ ಗುಡಿಗಳಲ್ಲಿನ ಶಾಸನಗಳಲ್ಲಿ ಅವರ ಹೆಸರು ಸಿಗುತ್ತದೆ.

ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ತುಂಗಭದ್ರೆಯ ದಂಡೆಗೇ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ, ಬಳಪದ ಕಲ್ಲು. ಹೊರಗೋಡೆಯ ಕೆತ್ತನೆಯನ್ನು ಒಂದು ಸುತ್ತು ಹಾಕಿ ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ. ಈ ಒಂದು ಗುಡಿಯ ಮೇಲೆಯೇ ಇಡೀ ಪುಸ್ತಕ ಬರೆದವರಿದ್ದಾರೆ. ಹಾವೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ ಪಿಯರ್ ಫಿಲಿಯೋಜಾ. ಪುಸ್ತಕ ಬಂದದ್ದು 1995ರಲ್ಲಿ. ಊರಿಗೆ ಹೆಸರು ಬಂದಿರುವುದು ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನಿಂದ. ಅವನ ಐಕ್ಯಸ್ಥಳವೂ ಹೊಳೆಯ ದಂಡೆಯಲ್ಲೇ ಇದೆ. ತುಂಗಭದ್ರೆ ತುಂಬಿ ಬಂದ ವರ್ಷ ಆ ಮಂಟಪ ನೀರಿನಲ್ಲಿ ಮುಳುಗುತ್ತದೆ. ದೋಣಿ ನಡೆಸುತ್ತಿದ್ದವನ ಗದ್ದುಗೆಗೆ ಹೊಳೆಯೇ ಬಂದು ಹೋಗುವುದನ್ನು ಊರವರು ಕೆಡುಕೆಂದು ಬಗೆಯುವುದಿಲ್ಲ.

ಗಳಗನಾಥ ಇನ್ನೊಂದು ಬಗೆ. ಇಲ್ಲಿ ವರದೆ, ತುಂಗಭದ್ರೆ ಎರಡೂ ಸೇರುವುದರಿಂದ ನೀರಿನ ಹರವು ದೊಡ್ಡದು. ಗಳಗೇಶ್ವರ ಗುಡಿಯ ತಳ ಗಮನಿಸಿ: ಹೊರಗೋಡೆ ನೆಟ್ಟಗೆ ಏಳದೆ ಇಳಿಜಾರಾಗಿ, ಅಗಲವಾದ ಬುಡದಿಂದ ಮೇಲಕ್ಕೆ ಸಣ್ಣದಾಗುತ್ತ ಹೋಗುತ್ತದೆ. ಸಂಗಮದ ಸೆಳೆತಕ್ಕೆ ನಿಲ್ಲಬೇಕಾದ ಕಟ್ಟಡಕ್ಕೆ ಹೊಂದುವ ಬುಡ ಅದು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಹೆಸರಿಗೆ ಬದಲು ಈ ಊರ ಹೆಸರನ್ನೇ ಇಟ್ಟುಕೊಂಡು ಬರೆದವರು. ಹಾವೇರಿ ತಾಲ್ಲೂಕಿನ ಅಗಡಿಯ ಆನಂದವನದಲ್ಲಿದ್ದು ‘ಸದ್ಬೋಧ ಚಂದ್ರಿಕೆ’ ನಡೆಸಿದ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇಂದು ನಾವು ಸೈಕಲ್ ಮೇಲೆ ಹೋಗಲು ಏದುವ ದಾರಿ ಅವರ ಕಾಲಿಗೆ ಹೊಸದಾಗಿರಲಿಕ್ಕಿಲ್ಲ.

ಸಮಯ ಮಿಕ್ಕರೆ ಗುತ್ತಲದ ಆಸುಪಾಸಿನ ಹರಳಹಳ್ಳಿಯ ಸೋಮೇಶ್ವರ ಗುಡಿಯನ್ನೂ ಸೇರಿಸಿಕೊಳ್ಳಬಹುದು. ಅದೂ ಹೊಳೆ ದಂಡೆಯದೇ. ಆದರೆ ಮೂರೂ ಊರನ್ನು ಒಂದೇ ದಿನ ಮುಗಿಸುವ ಹಟ ಬೇಡ. ಎರಡು ಊರಿನ ನಡುವೆ ಹೊಳೆ ಪಕ್ಕದ ಗಾಡಿದಾರಿ ಹುಡುಕುವುದರಲ್ಲೇ ನಿಜವಾದ ಖುಷಿ ಇದೆ, ಅದಕ್ಕೆ ಪುರಸೊತ್ತು ಬೇಕು. ದಾರಿ ಕೇಳುವುದಕ್ಕೂ ಒಂದು ರೀತಿ ಇದೆ. ‘ಯಜಮಾನ್ರ, ಈ ದಾರಿ ಹೋಗ್ತೈತೇನ್ರೀ’ ಎಂದು ಕೇಳಿದರೆ ‘ಹೋಗ್ತೈತಿ, ಹೋಗ್ರಿ’ ಎಂದೇ ಉತ್ತರ ಬರುವುದು. ಅವರು ಟ್ರ್ಯಾಕ್ಟರ್ ಮೇಲೆ ಹೋಗುವವರು. ‘ಸೈಕಲ್ ಇಳೀಲಾರ್ದಂಗ ಹೋಗಬಹುದೇನ್ರೀ, ನಡುವ ಹಳ್ಳ ಐತೇನ್ರೀ’ ಎಂದು ಬಿಡಿಸಿ ಕೇಳಬೇಕು. ಆಗ ಹಳ್ಳದಲ್ಲಿ ಮೊಣಕಾಲು ನೀರು ಇರುವುದು, ಆಚೆ ದಂಡೆಯಲ್ಲಿ ಕಬ್ಬಿನ ಗದ್ದೆಗೆ ಬೇಲಿ ಹಾಕಿರುವುದು ಎಲ್ಲ ಹೊರಬರುತ್ತದೆ.

ಗಾಳಿ, ಮಣ್ಣು, ಸುಗ್ಗಿ

ಮುಂಗಾರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಇಲ್ಲಿ ಗಾಳಿ ಬೀಸುವುದು ಪಶ್ಚಿಮ–ನೈಋತ್ಯದಿಂದ. ಹಾವೇರಿಯಿಂದ ಗುತ್ತಲಕ್ಕೆ ಹೋಗುವಾಗ ಅದು ಬೆನ್ನಿಗೆ ಬೀಳುತ್ತದೆ. ಪೈಡಲ್ ತುಳಿಯುವ ಕೆಲಸವೇ ಇಲ್ಲದಂತೆ ಸೈಕಲ್ ಓಡುತ್ತದೆ, ಸವಾರ ತಾನೇ ಗಟ್ಟಿಗ ಎಂದುಕೊಳ್ಳುತ್ತಾನೆ. ಮರಳುವಾಗ ಅದೇ ಗಾಳಿ ಎದೆಗೆ. ಬೆಳಿಗ್ಗೆ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿದ ದಾರಿ ಸಂಜೆ ಮೂರು ಗಂಟೆ ಹಿಡಿದರೂ ಹಿಡಿಯಿತು, ಅದೂ ದಣಿದ ಕಾಲಿನಲ್ಲಿ. ಗದಗ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನಲ್ಲಿ ಹೊರಡಲೇಬೇಕೆಂದಿದ್ದರೆ ಗಾಳಿಗೆ ಎದುರಾಗಿ, ಅಂದರೆ ಪಶ್ಚಿಮಕ್ಕೆ ಹೊರಡಿ. ಬರುವಾಗ ಅದು ಮನೆಗೆ ತಳ್ಳುತ್ತದೆ. ಹಾನಗಲ್ ಕಡೆಯ ರಸ್ತೆಗಳು, ಬ್ಯಾಡಗಿಯವರಿಗೆ ಕಾಗಿನೆಲೆ ಇದಕ್ಕೆ ಸರಿ. ಚಳಿಗಾಲದಲ್ಲಿ ಲೆಕ್ಕ ತಿರುಗುತ್ತದೆ. ಮೂಡಣ ಗಾಳಿ ಮೆಲ್ಲಗೆ ಇರುತ್ತದೆ, ಗುತ್ತಲಕ್ಕೆ ಹೋಗುವಾಗ ಸ್ವಲ್ಪ ಎದುರು, ಬರುವಾಗ ಬೆನ್ನಿಗೆ. ಕಾರ್ತೀಕದಿಂದ ಮಾಘದವರೆಗೆ ಹೊಳೆ ಸವಾರಿಗೆ ಒಳ್ಳೆಯ ಕಾಲ ಎನ್ನುವುದು ಇದಕ್ಕೇ. ಧನುರ್ಮಾಸದ ಬೆಳಿಗ್ಗೆ ಹೊಳೆಯ ಹತ್ತಿರ ಮಂಜು ಕವಿಯುವುದುಂಟು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ದೀಪ ಇರಲಿ.

ಮಣ್ಣಿನ ವಿಷಯ. ಹೊಳೆಯ ಹತ್ತಿರ ಬಂದಂತೆ ಎರೆ ಭೂಮಿ. ಒಣಗಿದಾಗ ಎರೆಯ ಗಾಡಿದಾರಿ ಕಾಂಕ್ರೀಟಿಗಿಂತ ಗಟ್ಟಿ, ಮೇಲೆ ನಯವಾದ ಧೂಳು. ಒಂದು ಅಡ್ಡ ಮಳೆ ಬಿತ್ತೋ, ಮುಗಿಯಿತು. ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆ ಮುಟ್ಟಬೇಕು. ಮಳೆ ಬಂದ ಮೇಲೆ ಎರಡು ದಿನ ಬಿಸಿಲು ಬೀಳುವವರೆಗೆ ಎರೆಯ ದಾರಿಗೆ ಇಳಿಯಬೇಡಿ. ಬ್ಯಾಡಗಿಯಿಂದ ಪಶ್ಚಿಮಕ್ಕೆ ಮಸಾರಿ ಸಿಗುತ್ತದೆ, ಮಳೆಯ ಮರುದಿನವೇ ತುಳಿಯಬಹುದು. ತುಂಗಾ ಮೇಲ್ದಂಡೆ ಕಾಲುವೆಯ ಪಕ್ಕದ ಸರ್ವಿಸ್ ರಸ್ತೆಗಳು ನೋಡಲು ಆಸೆ ಹುಟ್ಟಿಸುತ್ತವೆ: ನೀರಿನ ಜೊತೆಗೇ ಸಾಗುವ, ವಾಹನ ಇಲ್ಲದ ದಾರಿ. ಆದರೆ ಅವು ನೀರಾವರಿ ನಿಗಮದವರು ತಮ್ಮ ಕೆಲಸಕ್ಕೆ ಮಾಡಿಕೊಂಡ ದಾರಿ. ಕಾಲುವೆಯ ಇಳಿಜಾರು ಕಾಂಕ್ರೀಟಿನದು; ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಬಿಡಲೇಬೇಡಿ.

ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ಗೋವಿನಜೋಳದ ಕಾಳನ್ನು ಅರ್ಧ ರಸ್ತೆಗೆ ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಸೈಕಲ್ ಹೋದರೆ ಗಾಲಿ ಜಾರುವುದು ಖಂಡಿತ. ಕಲ್ಲಿಗೆ ತಗುಲಿದರೆ ರಿಮ್ ಸೊಟ್ಟ. ರಸ್ತೆಯಲ್ಲಿ ಒಣಗಿಸುವುದು ತಪ್ಪೆಂದು ವಾದ ಮಾಡುವ ಬದಲು ಇಳಿದು ನೂಕಿಕೊಂಡು ದಾಟಿ. ಕಣ ಎಲ್ಲರಿಗೂ ಎಲ್ಲಿದೆ? ಸಂಗೂರಿನ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಆ ಕಡೆಯ ರಸ್ತೆಗೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಇಳಿಯುತ್ತವೆ. ಮುಂದಿನದು ದಾಟಿತೆಂದು ರಸ್ತೆಗೆ ಬರಬೇಡಿ, ಹಿಂದಿನದು ಬಾಲ ಬೀಸುತ್ತದೆ. ಬೆಳೆ ಕೊಯ್ದ ಹೊಲಗಳಲ್ಲಿ ಕುರಿಗಾರರು ಬೀಡು ಬಿಟ್ಟಾಗ ಅವರ ನಾಯಿಗಳು ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಜೋರಾಗಿ ತುಳಿದರೆ ಅವೂ ಜೋರಾಗುತ್ತವೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು, ಕುರಿಗಾರನನ್ನು ಕೂಗಿ.

ಫೆಬ್ರುವರಿಯ ಭಾರತ ಹುಣ್ಣಿಮೆ ಹೊತ್ತಿಗೆ ಹೊಳೆಯಾಚೆಯ ಮೈಲಾರದಲ್ಲಿ ಕಾರ್ಣಿಕ. ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಜನ ಹರಿದು ಹೋಗುವ ಆ ದಿನಗಳಲ್ಲಿ ಗುತ್ತಲದ ಕಡೆ ಸೈಕಲ್ ಸವಾರಿ ಬೇಡ, ಜಾತ್ರೆಗೇ ಹೋಗುವುದಿದ್ದರೆ ಮಾತು ಬೇರೆ.

ಬ್ಯಾಡಗಿ

ಬ್ಯಾಡಗಿಯ ಸವಾರರಿಗೆ ವಾರದ ದಿನ ನೋಡಿ ಹೊರಡುವ ಅಗತ್ಯ ಇದೆ. ಮೆಣಸಿನಕಾಯಿ ಮಾರುಕಟ್ಟೆ ಜೋರಾಗಿರುವುದು ಸೋಮವಾರ, ಗುರುವಾರ. ಜನವರಿಯಿಂದ ಯುಗಾದಿಯವರೆಗೆ, ಆವಕ ಹೆಚ್ಚಿರುವ ದಿನಗಳಲ್ಲಿ, ಆಂಧ್ರ, ಬಳ್ಳಾರಿ, ರಾಯಚೂರು ಕಡೆಯ ಲಾರಿಗಳು ಹೆದ್ದಾರಿಯಿಂದ ಮೋಟೆಬೆನ್ನೂರು ಹಾದು ಊರೊಳಗೆ ನುಗ್ಗುತ್ತವೆ. ಘಾಟು ಊರ ಹೊರಗೇ ಮೂಗಿಗೆ ಬಡಿಯುತ್ತದೆ. ಏದುಸಿರು ಬಿಡುತ್ತ ಬರುವ ಸೈಕಲ್ ಸವಾರನಿಗೆ ಕೆಮ್ಮು ಹತ್ತಿತೆಂದರೆ ನಿಲ್ಲುವುದಿಲ್ಲ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಬೇಕು, ಉಬ್ಬಸ ಇರುವವರು ಆ ಎರಡು ದಿನ ಬಿಡಲೇಬೇಕು. ಭಾನುವಾರ ಬೆಳಿಗ್ಗೆ ಇದೇ ರಸ್ತೆ ಸಲೀಸು. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೊಲದಲ್ಲಿ ಒಣಗುವುದನ್ನು ನೋಡುವ ಆಸೆ ಇದ್ದವರು ಮಾರುಕಟ್ಟೆ ಬಿಟ್ಟು ಹಳ್ಳಿಯ ದಾರಿ ಹಿಡಿಯಲಿ.

ಬ್ಯಾಡಗಿಯಿಂದ ಹೋಗಬೇಕಾದ್ದು ಕಾಗಿನೆಲೆಗೆ. ಕನಕದಾಸರ ಊರು, ಆದಿಕೇಶವನ ಗುಡಿ, ಪಕ್ಕಕ್ಕೆ ದೊಡ್ಡ ಕೆರೆ. ಹೋಗುವಾಗ ಸ್ವಲ್ಪ ಏರು ಇಳಿವು ಇದೆ, ಗೇರ್ ಇಲ್ಲದವರಿಗೆ ಒಂದೆರಡು ಕಡೆ ಇಳಿದು ನೂಕುವ ಹೊತ್ತು ಬರಬಹುದು. ಅರ್ಧ ದಿನಕ್ಕೆ ಮುಗಿಯುತ್ತದೆ. ಇನ್ನೊಂದು ದಿನ ಹೆದ್ದಾರಿ ಕಡೆಯ ಮೋಟೆಬೆನ್ನೂರಿಗೂ ಹೋಗಿ ಬನ್ನಿ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹಾದೇವಪ್ಪ ಹುಟ್ಟಿದ್ದು ಅಲ್ಲಿ. 1943ರ ಏಪ್ರಿಲ್ 1ರಂದು ಅವರು ಗುಂಡಿಗೆ ಬಲಿಯಾದದ್ದು ವರದೆಯ ಕಡೆಯ ಹೊಸರಿತ್ತಿಯಲ್ಲಿ. ಹಾವೇರಿಯಿಂದ ಹೊಸರಿತ್ತಿಗೆ ಹೋಗುವ ರಸ್ತೆಯೂ ಸೈಕಲ್ಲಿಗೆ ಚೆನ್ನ.

ರಾಣೆಬೆನ್ನೂರು

ರಾಣೆಬೆನ್ನೂರಿನವರು ಹೊಳೆಗೆ ಹೋಗುವುದಕ್ಕೆ ಎರಡು ದಿಕ್ಕು. ಹೆದ್ದಾರಿ ಹಿಡಿದು ಕುಮಾರಪಟ್ಟಣಕ್ಕೆ ಹೋದರೆ ತುಂಗಭದ್ರೆ, ಆಚೆಗೆ ಹರಿಹರ. ಇಪ್ಪತ್ತೈದು ಕಿ.ಮೀ. ಒಳಗೆ ಕೆಲಸ ಮುಗಿಯುತ್ತದೆ; ಆದರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಸೈಕಲ್ ತುಳಿಯುವುದು ಯಾವ ಲೆಕ್ಕದಲ್ಲೂ ಬುದ್ಧಿವಂತಿಕೆ ಅಲ್ಲ. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲಿ, ಉಳಿದಂತೆ ಹಳ್ಳಿ ರಸ್ತೆಗಳಲ್ಲಿ ಸುತ್ತಿ ಹೋಗಿ. ಎದುರು ದಿಕ್ಕಿನಲ್ಲಿ ಬರುವ ಬೈಕುಗಳು ಸರ್ವಿಸ್ ರಸ್ತೆಯಲ್ಲೇ ಹೆಚ್ಚು, ಎಡ ಬಿಡಬೇಡಿ. ಈ ಭಾಗದ ಹೊಳೆಗೆ ಇನ್ನೊಂದು ಕಥೆಯೂ ಇದೆ: 1980ರ ದಶಕದಲ್ಲಿ ಮೀನುಗಳು ಸತ್ತು ತೇಲಿದ ಮೇಲೆ ಕಾರ್ಖಾನೆ ತ್ಯಾಜ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿದ್ದು ಇದೇ ದಂಡೆಯ ಊರುಗಳಲ್ಲಿ.

ನನ್ನ ಮತ ಎರಡನೇ ದಿಕ್ಕಿಗೆ, ಮೆಡ್ಲೇರಿ ಕಡೆಗೆ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಈ ಸೀಮೆಯಲ್ಲಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಕೃಷ್ಣಮೃಗಗಳಿಗೆ ನಮ್ಮ ಗಡಿಗಳ ಹಂಗಿಲ್ಲ. ಬೆಳಿಗ್ಗೆ ಏಳರ ಒಳಗೆ ಹೊಲಗಳ ಅಂಚಿನಲ್ಲೇ ಹಿಂಡು ಮೇಯುತ್ತಿರುತ್ತದೆ. ಸದ್ದಿಲ್ಲದ ಸೈಕಲ್ಲಿಗೆ ಕಾರಿಗಿಂತ ಹೆಚ್ಚು ಹತ್ತಿರ ಬಿಟ್ಟುಕೊಡುತ್ತವೆ. ನಿಂತು ನೋಡಿ, ಅಟ್ಟಬೇಡಿ.

ಜೊತೆಗೇನು ಬೇಕು

ಒಂದು ಹೆಚ್ಚುವರಿ ಟ್ಯೂಬು, ಪ್ಯಾಚು, ಸೊಲ್ಯೂಷನ್, ಕೈಪಂಪು, ಒಂದೆರಡು ಪಾನಾ. ಹೆಲ್ಮೆಟ್ ಕಾನೂನಿಗಲ್ಲ, ತಲೆಗೆ. ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಬ್ರೇಕ್ ರಬ್ಬರ್ ಬದಲಿಸಿ, ಚೈನಿಗೆ ಎಣ್ಣೆ ಬಿಡಿಸಿ, ಸೀಟಿನ ಎತ್ತರ ನೋಡಿಕೊಳ್ಳಿ. ಪೈಡಲ್ ಕೆಳಗೆ ಹೋದಾಗ ಕಾಲು ಬಹುತೇಕ ನೀಟಾಗಬೇಕು. ಮೊಣಕಾಲು ನೋವು ಎಷ್ಟೋ ಸಲ ಸೀಟು ತಗ್ಗಿರುವುದರಿಂದಲೇ ಬರುವುದು. ನೀರು ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕದಲ್ಲಿ. ತಿನ್ನಲು ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಯಾವ ಎನರ್ಜಿ ಬಾರೂ ಬೇಡ. ಗಿರಮಿಟ್ಟು, ಮಿರ್ಚಿ ಮರಳಿ ಬಂದ ಮೇಲೆ. ನಡುದಾರಿಯಲ್ಲಿ ಎಣ್ಣೆಯದು ತಿಂದು ಬಿಸಿಲಿಗೆ ಬಿದ್ದವರ ಪಾಡು ಕೇಳಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಮೇಲೆ ರಸ್ತೆಯಲ್ಲಿರಬಾರದು. ಮರಳುವಾಗ ಸುಸ್ತಾದರೆ ಬಸ್ಸಿದೆ. ಲಗೇಜ್ ಟಿಕೆಟ್ ಕೊಟ್ಟು ಮೇಲೆ ಹಾಕಿಸಬಹುದು, ಆದರೆ ಏಣಿ ಇರುವ ಬಸ್ಸುಗಳು ಕಡಿಮೆಯಾಗಿವೆ, ಉಳಿದದ್ದು ಕಂಡಕ್ಟರ್ ಮನಸ್ಸು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಮಾರ್ಗದ ಮೇಲಿರುವುದು ನಮ್ಮ ಪುಣ್ಯ. ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಬೇಕಾಗುತ್ತದೆ, ಹಾಗಾಗಿ ಹಿಂದಿನ ದಿನವೇ ಸ್ಟೇಷನ್ನಿನಲ್ಲಿ ವಿಚಾರಿಸಿ.

ಹೊಳೆಗೆ ಇಳಿಯುವ ಬಗ್ಗೆ ಒಂದೇ ಮಾತು: ಇಳಿಯಬೇಡಿ. ಮೇಲೆ ಮೊಣಕಾಲು ನೀರು ಕಾಣುವಲ್ಲೇ ಮರಳು ತೆಗೆದ ಗುಂಡಿ ಆಳುದ್ದ ಇರುತ್ತದೆ. ಈಜು ಬಲ್ಲವರೂ ಇಂಥಲ್ಲಿ ಸತ್ತಿದ್ದಾರೆ. ಮುಖ ತೊಳೆಯಬೇಕಾದರೆ ಗುಡಿಯ ಮುಂದಿನ ಮೆಟ್ಟಿಲಲ್ಲಿ ತೊಳೆಯಿರಿ, ಮಕ್ಕಳ ಕೈ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಂದಾರಗಳ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ತೆಳುವಾಗಿ ಕಂಡರೂ ದಾಟಬೇಡಿ. 2019ರ ಆಗಸ್ಟಿನಲ್ಲಿ ವರದೆಯೂ ಧರ್ಮಾ ನದಿಯೂ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಅಗಲ ನೀರಿನ ಆಸೆ ಇದ್ದವರಿಗೆ

ಹಾಕಿದ ಸೈಕಲ್ ಪಥದ ಮೇಲೆಯೇ ತುಳಿಯಬೇಕೆನ್ನುವವರು ಹುಬ್ಬಳ್ಳಿಗೆ ಹೋಗಿ ನೋಡಬಹುದು. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಉಣಕಲ್ ನಾಲಾದ ಪಕ್ಕಕ್ಕೆ ನಡಿಗೆಗೂ ಸೈಕಲ್ಲಿಗೂ ದಾರಿ ಮಾಡಲು ಹೊರಟ ಹಸಿರು ಸಂಚಾರ ಕಾರಿಡಾರ್ ಅಲ್ಲಿದೆ. ಚರಂಡಿಯಾಗಿದ್ದ ನಾಲಾದ ಪಕ್ಕಕ್ಕೆ ಇಂಥದ್ದು ಬಂದಿತೆಂಬುದೇ ದೊಡ್ಡದು. ದಾವಣಗೆರೆಯ ಕುಂದುವಾಡ ಕೆರೆಯೂ ರಾಣೆಬೆನ್ನೂರಿಗೆ ದೂರವಲ್ಲ.

ನೀರಿನ ಮೇಲೆಯೇ ಸೈಕಲ್ ಓಡಿಸುವ ಅನುಭವ ಬೇಕಾದವರಿಗೆ ಈಗ ಸಿಗಂದೂರು ಸೇತುವೆ ಇದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿ.ಮೀ. ಮೀರಿದ ಉದ್ದಕ್ಕೆ ಕಟ್ಟಿದ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಲಾಂಚಿಗೆ ಕಾಯಬೇಕಿತ್ತು. ಸೈಕಲ್ಲನ್ನು ಗಾಡಿಯಲ್ಲಿ ಸಾಗರದವರೆಗೆ ಒಯ್ದು, ಹೋಗುವ ದಾರಿಯಲ್ಲೇ ವರದಾಮೂಲವನ್ನೂ ನೋಡಬಹುದು. ಗಳಗನಾಥದಲ್ಲಿ ಕಂಡ ಹೊಳೆ ಇಲ್ಲಿ ಸಣ್ಣ ಕೊಳ. ಸೇತುವೆಯ ಮೇಲೆ ಅಡ್ಡಗಾಳಿ ಬಲವಾಗಿರುತ್ತದೆ; ಎಡ ಅಂಚಿಗೆ ತೀರ ಒತ್ತಿ ಹೋಗಬೇಡಿ, ಸೆಲ್ಫಿಗೆ ನಡುವೆ ನಿಲ್ಲಬೇಡಿ.

ಕಡಲೇ ಬೇಕೆಂದರೆ ಎಲ್ಲರೂ ಹೇಳುವ ಹೆಸರು ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಚೆಂದ, ಸೈಕಲ್ಲಿಗೆ ಲಾರಿಗಳ ಕಾಟ. ಅದಕ್ಕಿಂತ ಉಡುಪಿ ಹತ್ತಿರದ ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋಗುವ ಸಣ್ಣ ರಸ್ತೆ ಮೇಲು: ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಮೀನುಗಾರರ ಮನೆಗಳು, ವಾಹನ ಕಡಿಮೆ. ಕೊಲ್ಲಿಯ ದಾರಿ ಎಂದು ನಮ್ಮ ನಾಡಿನಲ್ಲಿ ಕರೆಯಬಹುದಾದ್ದಿದ್ದರೆ ಅದಕ್ಕೆ ಹತ್ತಿರದ್ದು ಇದೇ. ಕಾರವಾರಕ್ಕೆ ಹೋಗುವವರು ಕಡಲತೀರದ ರಸ್ತೆಗೇ ತೃಪ್ತಿಪಟ್ಟುಕೊಳ್ಳಿ, ಕಾಳಿ ಸೇತುವೆಯ ಮೇಲೆ ಸೈಕಲ್ ಬೇಡ. ಹಳೆಯ ಸೇತುವೆ 2024ರ ಆಗಸ್ಟ್ 7ರ ಬೆಳಗಿನ ಜಾವ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸದರ ಮೇಲೆ ಬಂದವು.

ಇನ್ನು ನಮ್ಮೂರಿನ ಮಾತು. ಹೊಳೆಯುದ್ದಕ್ಕೂ ಪಥ ಹಾಕಿ ಎಂದು ಕೇಳುವುದು ದೊಡ್ಡ ಬೇಡಿಕೆ. ಪ್ರವಾಹದ ದಂಡೆಯಲ್ಲಿ ಅದು ಉಳಿಯುವುದೂ ಇಲ್ಲ. ಹೆಗ್ಗೇರಿಗೆ ಬೇಕಾದ್ದು ಸಣ್ಣದು. ಕಾಂಕ್ರೀಟ್ ಬೇಡ, ದೀಪದ ಕಂಬ ಬೇಡ, ಹಕ್ಕಿಗಳಿಗೆ ಅವು ಹಿಡಿಸುವುದೂ ಇಲ್ಲ. ಏರಿಯ ಮೇಲಿನ ಜಾಲಿ ಸವರಿ, ಗರಸು ಹಾಕಿ ರೋಲರ್ ಹೊಡೆದು, ಎರಡೂ ತುದಿಗೆ ಬೈಕು ಹೋಗದಂತೆ ಕಲ್ಲು ನೆಟ್ಟರೆ ಸಾಕು. ಮುಂಜಾನೆ ಅಲ್ಲಿಗೆ ಹೋಗುವವರು ಹತ್ತು ಮಂದಿ ಸಹಿ ಹಾಕಿ ಹಾವೇರಿ ನಗರಸಭೆಗೆ ಒಂದು ಅರ್ಜಿ ಕೊಡಿ, ಬಜೆಟ್ ಸಭೆಗೆ ಮೊದಲು.